ವೈದ್ಯಶಾಲೆಯ ಹೊಸ್ತಿಲಲ್ಲಿ 'ಪರದೇಶಿ'

ಕನ್ನಡದಲ್ಲಿ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು, ಹಿಂದೆ ಮುಂದೆ ಯಾರೂ ಇಲ್ಲದವನು ಎಂಬುದು ಇನ್ನೊಂದು. ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಯಾರಾದರೂ 'ಪರದೇಶಿ ಆಗ್ಯಾನ' ಎಂದರೆ ಎರಡನೆಯ ಅರ್ಥವನ್ನೇ ಹಿಡಿಯಬೇಕು. ಡಾಕ್ಟರಾಗಬೇಕೆಂದು ಮನೆ ಬಿಟ್ಟು ಹೊರಟ ಈ ಸೀಮೆಯ ಮಕ್ಕಳ ಚರಿತ್ರೆಯನ್ನು ನೋಡಿದರೆ ಮಾತ್ರ ಈ ಎರಡು ಅರ್ಥಗಳೂ ಒಂದರೊಳಗೊಂದು ಬೆರೆತಿರುವುದು ಕಾಣುತ್ತದೆ.

ಪಿಯುಸಿ ಮತ್ತು ನೀಟ್ ಫಲಿತಾಂಶ ಬಂದ ಮೇಲೆ ಪ್ರತಿವರ್ಷ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ: ಇಲ್ಲಿ ಸೀಟು ಸಿಗದಿದ್ದರೆ ಹೊರಗೆ ಕಳಿಸೋಣವೇ? ರಷ್ಯಾ, ಕಿರ್ಗಿಸ್ತಾನ, ಫಿಲಿಪೀನ್ಸ್ ಹೆಸರುಗಳು ಕೇಳಿಬರುವುದರಿಂದ ಇದು ತೀರ ಇತ್ತೀಚಿನ ಚಿಂತೆಯೆಂದು ತೋರಬಹುದು. ವಾಸ್ತವವಾಗಿ ಈ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚಿನ ವಯಸ್ಸಾಗಿದೆ. ಬದಲಾದದ್ದು 'ಹೊರಗೆ' ಎಂಬ ಮಾತಿನ ಅರ್ಥ ಮಾತ್ರ. ಒಂದು ಕಾಲಕ್ಕೆ ತುಂಗಭದ್ರೆಯ ಆಚೆ ದಡವೇ ಹೊರಗಾಗಿತ್ತು.

ನಿಜಾಮರ ವೈದ್ಯಶಾಲೆ

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡು 1948ರವರೆಗೆ ಹೈದರಾಬಾದ್ ನಿಜಾಮರ ಸಂಸ್ಥಾನದ ಭಾಗ. (1853ರಿಂದ 1860ರವರೆಗಿನ ಕೆಲವೇ ವರ್ಷ ಇದರ ಆಡಳಿತ ಬ್ರಿಟಿಷರ ಕೈಯಲ್ಲಿತ್ತು.) ನದಿಯ ದಕ್ಷಿಣಕ್ಕೆ ಬಳ್ಳಾರಿ, ಆದೋನಿಗಳು ಬ್ರಿಟಿಷರ ಮದರಾಸು ಪ್ರಾಂತಕ್ಕೆ ಸೇರಿದ್ದವು. ಮಾನ್ವಿಯ ರೈತನಿಗೂ ಬಳ್ಳಾರಿ ಕಡೆಯ ರೈತನಿಗೂ ಮಾತು ಒಂದೇ, ಜೋಳದ ರೊಟ್ಟಿ ಒಂದೇ, ಬೀಗತನವೂ ಉಂಟು. ಆದರೆ ಸರ್ಕಾರ ಬೇರೆ, ನಾಣ್ಯ ಬೇರೆ, ಶಾಲೆಯ ಭಾಷೆ ಬೇರೆ.

ಹೈದರಾಬಾದಿನಲ್ಲಿ ವೈದ್ಯಕೀಯ ಶಾಲೆ ಹುಟ್ಟಿದ್ದು 1846ರಲ್ಲಿ. ಪಾಶ್ಚಾತ್ಯ ವೈದ್ಯವನ್ನು ಉರ್ದುವಿನ ಮೂಲಕ ಕಲಿಸುವುದು ಅದರ ವಿಶೇಷವಾಗಿತ್ತು. ಹೊರಗಿನ ಲೋಕ ಈ ಶಾಲೆಯತ್ತ ನೋಡಿದ್ದು 1880ರ ದಶಕದಲ್ಲಿ. ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಕ್ಲೋರೋಫಾರಂನಿಂದ ರೋಗಿ ಸತ್ತರೆ, ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ವಾದ ಆಗ ಯೂರೋಪಿನಲ್ಲಿ ಜೋರಾಗಿತ್ತು. ಇದನ್ನು ಪರೀಕ್ಷಿಸಲು ಶಾಲೆಯ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಲಾರಿ ಅವರು 1888 ಮತ್ತು 1889ರಲ್ಲಿ ಎರಡು ಆಯೋಗಗಳನ್ನು ನಡೆಸಿದರು. ಎರಡನೆಯದಕ್ಕೆ ನಿಜಾಮರು ಒಂದು ಸಾವಿರ ಪೌಂಡ್ ಕೊಟ್ಟು ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ಖ್ಯಾತ ವೈದ್ಯರನ್ನು ಕರೆಸಿದರು. ಉಸಿರಿನ ಮೇಲೆ ಕಣ್ಣಿಟ್ಟರೆ ಸಾಕು ಎಂಬ ಆಯೋಗದ ತೀರ್ಮಾನ ಪೂರ್ತಿ ಸರಿಯಲ್ಲವೆಂದು ಮುಂದೆ ಗೊತ್ತಾಯಿತು. ಆದರೂ ಲಂಡನ್ನಿನ ವೈದ್ಯ ಹೈದರಾಬಾದಿಗೆ ಬಂದು ಪ್ರಯೋಗ ನೋಡಿದ ಆ ಸಂಗತಿ ಸಣ್ಣದೇನಲ್ಲ.

ಅದೇ ಶಾಲೆಗೆ 1885ರಲ್ಲಿ ಸೇರಿದ ಮಹಿಳೆಯರಲ್ಲಿ ರೂಪಾಬಾಯಿ ಫರ್ದೂನ್‌ಜಿ ಒಬ್ಬರು. ಕ್ಲೋರೋಫಾರಂ ಕೊಡುವುದರಲ್ಲಿ ಪರಿಣತರಾದ ಅವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಎಣಿಸುತ್ತಾರೆ. ಹೆಚ್ಚಿನ ಕಲಿಕೆಗೆ ಅವರು ಎಡಿನ್‌ಬರೋಗೆ ಹೋದರು. ಸರೋಜಿನಿ ನಾಯ್ಡು ಅವರ ಪತಿ ಡಾ. ಗೋವಿಂದರಾಜುಲು ನಾಯ್ಡು ಅವರು ವೈದ್ಯ ಕಲಿತದ್ದೂ ಎಡಿನ್‌ಬರೋದಲ್ಲಿಯೇ.

ಅಂದು ಕಡಲು ದಾಟಿದವರಿಗೆ ಕಾರಣವಿತ್ತು. ಬ್ರಿಟಿಷ್ ಭಾರತದ ಉನ್ನತ ವೈದ್ಯ ಹುದ್ದೆಗಳಿಗೆ ಸೇರಿಸುವ ಇಂಡಿಯನ್ ಮೆಡಿಕಲ್ ಸರ್ವಿಸ್ ಪರೀಕ್ಷೆ 1855ರಿಂದ ಲಂಡನ್ನಿನಲ್ಲಿ ನಡೆಯುತ್ತಿತ್ತು. ಹೆಣ್ಣುಮಕ್ಕಳ ಕಷ್ಟವಂತೂ ಬೇರೆಯೇ ಬಗೆಯದು. ಪುಣೆಯ ಕಡೆಯ ಆನಂದಿಬಾಯಿ ಜೋಶಿ 1883ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿ, ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1886ರಲ್ಲಿ ಪದವಿ ಪಡೆದರು. ಆ ದಿನಗಳಲ್ಲಿ ಅಲ್ಲಿ ಓದಿದ ಜಪಾನಿನ ಮತ್ತು ಸಿರಿಯಾದ ತರುಣಿಯರ ಜತೆ, ತಂತಮ್ಮ ನಾಡಿನ ಉಡುಗೆಯಲ್ಲಿ ಅವರು ತೆಗೆಸಿಕೊಂಡ ಭಾವಚಿತ್ರ ಇಂದಿಗೂ ಉಳಿದಿದೆ. ಪದವಿ ಪಡೆದ ಮರುವರ್ಷವೇ, ಇನ್ನೂ 22 ತುಂಬುವ ಮೊದಲೇ, ಕ್ಷಯದಿಂದ ಅವರು ತೀರಿಕೊಂಡರು. ಪರದೇಶದ ಓದಿಗೆ ತೆತ್ತ ಬೆಲೆಯ ಲೆಕ್ಕ ಅಂದಿನಿಂದಲೇ ಆರಂಭವಾಗುತ್ತದೆ.

ದವಾಖಾನೆಯ ಭಾಷೆ

ರಾಯಚೂರಿನ ಸ್ಥಾನ ಈ ಕಥೆಯಲ್ಲಿ ವಿಚಿತ್ರವಾದುದು. 1871ರಲ್ಲಿ ಮುಂಬಯಿಯಿಂದ ಬಂದ ರೈಲುದಾರಿಯೂ ಮದರಾಸಿನಿಂದ ಬಂದ ರೈಲುದಾರಿಯೂ ಕೂಡಿಕೊಂಡದ್ದು ರಾಯಚೂರಿನಲ್ಲಿ. ವೈದ್ಯಕೀಯ ಕಾಲೇಜುಗಳಿದ್ದ ಎರಡು ಮಹಾನಗರಗಳಿಗೆ ಇಲ್ಲಿಂದ ನೇರ ರೈಲು ಸಿಗುತ್ತಿತ್ತು. ತಮ್ಮದೇ ರಾಜಧಾನಿಯಾದ ಹೈದರಾಬಾದಿಗೆ ರೈಲಿನಲ್ಲಿ ಹೋಗುವವರು ಮಾತ್ರ ವಾಡಿಗೆ ಹೋಗಿ ಅಲ್ಲಿಂದ ಸುತ್ತಿಕೊಂಡು ಹೋಗಬೇಕಿತ್ತು. ದೇವದುರ್ಗ, ಮಾನ್ವಿಯವರು ರೈಲು ಕಾಣಲು ಮೊದಲು ಬಂಡಿ ಕಟ್ಟಿಕೊಂಡು ರಾಯಚೂರಿಗೆ ಬರಬೇಕು.

ಆದರೆ ದಾರಿಗಿಂತ ದೊಡ್ಡ ತೊಡಕು ಭಾಷೆಯದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಹಳೆಯ ವೈದ್ಯಶಾಲೆ ಅದರ ವೈದ್ಯಕೀಯ ಕಾಲೇಜಾಗಿ ಬೆಳೆಯಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡುವ ದೊಡ್ಡ ಪ್ರಯೋಗವದು. ಅನುವಾದಕ್ಕೆಂದೇ ಒಂದು ಸಂಸ್ಥೆಯನ್ನು ತೆರೆದು ವಿಜ್ಞಾನ, ವೈದ್ಯ, ಕಾನೂನುಗಳ ಗ್ರಂಥಗಳನ್ನು ಉರ್ದುವಿಗೆ ತಂದರು. ದೇಶಭಾಷೆಯಲ್ಲಿ ವೈದ್ಯ ಕಲಿಸಲು ಸಾಧ್ಯವೇ ಇಲ್ಲ ಎನ್ನುವವರು ಈ ಪ್ರಯೋಗವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಆದರೆ ಉರ್ದು ಸಂಸ್ಥಾನದ ಬಹುಪಾಲು ಜನರ ಮನೆಮಾತಾಗಿರಲಿಲ್ಲ. ಅವರಾಡುತ್ತಿದ್ದುದು ತೆಲುಗು, ಮರಾಠಿ, ಕನ್ನಡ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಒಂದಿಷ್ಟು ತೆಲುಗು, ಕಚೇರಿಯಲ್ಲಿ ಉರ್ದು ಕೇಳಿ ಬೆಳೆದ ಮಾನ್ವಿಯ ಹುಡುಗನಿಗೆ ಅಂಗರಚನಾ ಶಾಸ್ತ್ರದ ಪಾಠಕ್ಕಿಂತ ಮೊದಲು ಅದರ ಲಿಪಿಯ ಪಾಠವಾಗಬೇಕಿತ್ತು. ತನ್ನದೇ ರಾಜ್ಯದ, ತನ್ನದೇ ಸರ್ಕಾರದ ಕಾಲೇಜಿನ ಬಾಗಿಲಲ್ಲಿ ಅವನು ಅರ್ಧ ಪರದೇಶಿ. ಈ ಕಾಲದ ಗುರುತು ನಮ್ಮ ಮಾತಿನಲ್ಲಿ ಇನ್ನೂ ಉಳಿದಿದೆ. ಈ ಕಡೆಯ ಹಿರಿಯರು ಇಂದಿಗೂ ಆಸ್ಪತ್ರೆಗೆ ಹೋಗುವುದಿಲ್ಲ, 'ದವಾಖಾನಿ'ಗೆ ಹೋಗುತ್ತಾರೆ.

ಈ ಕೊರತೆಯನ್ನು ಕಂಡು ಕೆಲಸಕ್ಕೆ ಇಳಿದವರಲ್ಲಿ ಪಂಡಿತ ತಾರಾನಾಥರ ಹೆಸರು ದೊಡ್ಡದು. ಮಂಗಳೂರಿನ ಕಡೆಯಿಂದ ಬಂದ ಅವರು ರಾಯಚೂರಿನಲ್ಲಿ ಹಮ್ದರ್ದ್ ಶಾಲೆಯನ್ನು ಕಟ್ಟಿದರು. ಸಂಗೀತ, ಸಾಹಿತ್ಯ, ಆಯುರ್ವೇದ ಮೂರರಲ್ಲೂ ನುರಿತಿದ್ದ ತಾರಾನಾಥರು ಮುಂದೆ ನಿಜಾಮರ ಗಡಿಯನ್ನು ಬಿಟ್ಟು ನದಿ ದಾಟಿ, ತುಂಗಭದ್ರಾ ಎಂಬ ಊರಿನ ಬಳಿ 'ಪ್ರೇಮಾಯತನ' ಆಶ್ರಮ ಸ್ಥಾಪಿಸಿ ರೋಗಿಗಳಿಗೆ ಔಷಧ ಕೊಡುತ್ತಾ ಬಾಳಿದರು. ರಾಯಚೂರಿನಿಂದ ಅದು ಹೆಚ್ಚು ದೂರವೇನಲ್ಲ. ಆದರೂ ಆ ದಡ ಬೇರೆ ಸರ್ಕಾರದ್ದು.

ನದಿಯಾಚೆಯ ಮದರಾಸಿನಲ್ಲಿ ಕಾಲೇಜು ಇತ್ತು, ಮುಂಬಯಿಯಲ್ಲಿಯೂ ಇತ್ತು. ಮೈಸೂರು ಸಂಸ್ಥಾನ 1924ರಲ್ಲಿ ಬೆಂಗಳೂರಿನಲ್ಲಿ ವೈದ್ಯಕೀಯ ಕಾಲೇಜು ತೆರೆದು 1930ರಲ್ಲಿ ಮೈಸೂರಿಗೆ ಸ್ಥಳಾಂತರಿಸಿತು. ಆಯಾ ಸರ್ಕಾರಗಳಿಗೆ ಆಯಾ ಪ್ರಜೆಗಳೇ ಮೊದಲು. ಅದರಲ್ಲಿ ಅಸಹಜವಾದುದೇನೂ ಇಲ್ಲ. ಹೈದರಾಬಾದಿನಲ್ಲಿಯೂ ಅದೇ ರೀತಿ. ಅಲ್ಲಿ ಸಂಸ್ಥಾನದವನು 'ಮುಲ್ಕಿ', ಹೊರಗಿನವನು 'ಗೈರ್‌ಮುಲ್ಕಿ'. ಸರ್ಕಾರಿ ನೌಕರಿ ಬೇಕಾದ ಹೊರಗಿನವನು ಹದಿನೈದು ವರ್ಷ ಅಲ್ಲಿ ನೆಲೆಸಿರಬೇಕೆಂಬ ನಿಯಮವಿತ್ತು. ಹೀಗೆ ಭಾಷೆ ಒಪ್ಪುವ ಮೈಸೂರಿನಲ್ಲಿ ರಾಯಚೂರಿನ ಹುಡುಗ ಹೊರಗಿನವನು. ಅವನನ್ನು ತನ್ನವನೆನ್ನುವ ಹೈದರಾಬಾದಿನಲ್ಲಿ ಅವನ ಭಾಷೆ ಹೊರಗಿನದು.

ವಿಳಾಸ ಬದಲಾಯಿತು

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ನಿಜಾಮರ ಆಳ್ವಿಕೆ ಮುಗಿಯಿತು. ಉಸ್ಮಾನಿಯಾದಲ್ಲಿ ಉರ್ದುವಿನ ಜಾಗಕ್ಕೆ ಇಂಗ್ಲಿಷ್ ಬಂತು. ಕಷ್ಟಪಟ್ಟು ಉರ್ದು ಕಲಿತ ಒಂದು ತಲೆಮಾರಿನ ಶ್ರಮ ಕೈಬಿಟ್ಟು ಹೋಯಿತು. 1956ರ ನವೆಂಬರ್ 1ರಂದು ರಾಯಚೂರು ಹೊಸ ಮೈಸೂರು ರಾಜ್ಯಕ್ಕೆ ಸೇರಿದಾಗ ಇನ್ನೊಂದು ಬದಲಾವಣೆಯಾಯಿತು. ಅಲ್ಲಿಯವರೆಗೆ ತಮ್ಮದಾಗಿದ್ದ ಉಸ್ಮಾನಿಯಾ ಕಾಲೇಜು ಆಂಧ್ರ ಪ್ರದೇಶಕ್ಕೆ ಹೋಯಿತು. ಅಲ್ಲಿಯವರೆಗೆ ಪರರಾಜ್ಯದ್ದಾಗಿದ್ದ ಮೈಸೂರಿನ ಕಾಲೇಜು ತಮ್ಮದಾಯಿತು. ಮನೆ ಅಲ್ಲೇ ಇತ್ತು, ವಿಳಾಸ ಮಾತ್ರ ಬದಲಾಗಿತ್ತು.

ಸಮೀಪದಲ್ಲಿಯೇ ಕಾಲೇಜು ಸಿಕ್ಕಿದ್ದು 1961ರಲ್ಲಿ ಬಳ್ಳಾರಿಯಲ್ಲಿ. 1963ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಗುಲ್ಬರ್ಗದಲ್ಲಿ ಖಾಸಗಿ ಕಾಲೇಜು ತೆರೆಯಿತು. ಇಂದು ಅದಕ್ಕೆ ಸಂಸ್ಥೆಯ ಸ್ಥಾಪಕ ಮಹದೇವಪ್ಪ ರಾಂಪುರೆ ಅವರ ಹೆಸರಿದೆ. ರಾಯಚೂರು ನಗರ ಮಾತ್ರ ತನ್ನದೇ ಕಾಲೇಜಿಗೆ ಈ ಶತಮಾನದವರೆಗೆ ಕಾಯಬೇಕಾಯಿತು. ಮೊದಲು ಖಾಸಗಿಯಾಗಿ ನವೋದಯ ಕಾಲೇಜು ಬಂತು. 2007ರಲ್ಲಿ ಸರ್ಕಾರದ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ರಿಮ್ಸ್, ಆರಂಭವಾಯಿತು. ಹೈದರಾಬಾದಿನ ಶಾಲೆ ಹುಟ್ಟಿ ಅಷ್ಟೊತ್ತಿಗೆ 161 ವರ್ಷ ಕಳೆದಿದ್ದವು.

ಮೂರು ದರದ ಹೊಸ್ತಿಲು

ಇತ್ತ ಕರ್ನಾಟಕದ ಬೇರೆ ಭಾಗಗಳಲ್ಲಿ ಬೇರೊಂದು ಬೆಳವಣಿಗೆ ನಡೆದಿತ್ತು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದರು. ಆ ಮಾದರಿಯಲ್ಲಿ ರಾಜ್ಯದ ಉದ್ದಗಲಕ್ಕೂ ಖಾಸಗಿ ಕಾಲೇಜುಗಳು ಎದ್ದವು. ಹೊರ ರಾಜ್ಯಗಳಿಂದಷ್ಟೇ ಅಲ್ಲ, ಹೊರ ದೇಶಗಳಿಂದಲೂ ವಿದ್ಯಾರ್ಥಿಗಳು ಬಂದರು. ಮಲೇಷ್ಯಾದವರು ಎಷ್ಟು ಸಂಖ್ಯೆಯಲ್ಲಿ ಬಂದರೆಂದರೆ, 1997ರಲ್ಲಿ ಅವರಿಗಾಗಿಯೇ ಮಣಿಪಾಲ ಮತ್ತು ಮಲಕ್ಕಾಗಳ ನಡುವೆ ಹಂಚಿಕೊಂಡು ಓದುವ ಜಂಟಿ ಕಾಲೇಜು ಹುಟ್ಟಿತು. ದೇವದುರ್ಗದ ಹುಡುಗನಿಗೆ ಎಟುಕದ ಸೀಟು ಕ್ವಾಲಾಲಂಪುರದ ಹುಡುಗನಿಗೆ ಎಟುಕುತ್ತಿತ್ತು. ಅದು ಆ ಹುಡುಗನ ತಪ್ಪಲ್ಲ. ಸೀಟಿಗೆ ದರ ಕಟ್ಟಿದ ಮೇಲೆ ದೂರ ಹತ್ತಿರಗಳನ್ನು ಅಳೆಯುವುದು ಹಣವೇ.

ಆ ದರದ ಲೆಕ್ಕ ಒಂದು ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. 1989ರ ಜೂನ್ 5ರ ಕರ್ನಾಟಕ ಸರ್ಕಾರದ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟು ಪಡೆದವರ ವಾರ್ಷಿಕ ಶುಲ್ಕ 2,000 ರೂಪಾಯಿ. ಉಳಿದ ಕರ್ನಾಟಕದವರಿಗೆ 25,000. ಹೊರ ರಾಜ್ಯದ ಭಾರತೀಯರಿಗೆ 60,000. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಗೆ ತುಮಕೂರಿನ ಖಾಸಗಿ ಕಾಲೇಜಿನಲ್ಲಿ ಈ ಮೂರನೆಯ ದರ ಅನ್ವಯವಾಯಿತು. ಅಷ್ಟು ಹಣ ಕೊಡುವ ಶಕ್ತಿ ತಂದೆಗಿರಲಿಲ್ಲ. ಆಕೆ ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈ 30ರಂದು ಬಂದ ತೀರ್ಪು ಶಿಕ್ಷಣದ ಹಕ್ಕನ್ನು ಎತ್ತಿಹಿಡಿದು, ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ಆದರೆ ಪ್ರವೇಶ ಅರ್ಹತೆಯ ಕ್ರಮದಲ್ಲಿ ಆಗಿರಲಿಲ್ಲ, ತರಗತಿಗಳೂ ಎಂದೋ ಆರಂಭವಾಗಿದ್ದವು ಎಂಬ ಕಾರಣಕ್ಕೆ ಆಕೆಗೆ ಮಾತ್ರ ಸೀಟು ಸಿಗಲಿಲ್ಲ. ದೇಶಕ್ಕೆ ಒಂದು ತತ್ವ ದೊರೆಯಿತು, ಮೊಕದ್ದಮೆ ಹೂಡಿದವರಿಗೆ ಬಾಗಿಲು ತೆರೆಯಲಿಲ್ಲ.

ಮರುವರ್ಷ, ಅಂದರೆ 1993ರಲ್ಲಿ, ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ಅದರ ಫಲವಾಗಿ ಕರ್ನಾಟಕದಲ್ಲಿ 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ, ನಮ್ಮೆಲ್ಲರ ಬಾಯಲ್ಲಿ 'ಸಿಇಟಿ', ಆರಂಭವಾಯಿತು. 2005ರ ಇನಾಂದಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಖಾಸಗಿ ಕಾಲೇಜುಗಳು ಶೇಕಡಾ 15ರವರೆಗೆ ಅನಿವಾಸಿ ಭಾರತೀಯರಿಗೆ ಸೀಟು ಇಟ್ಟುಕೊಳ್ಳಬಹುದೆಂದಿತು. ಈಗ ಕೊಲ್ಲಿ ದೇಶಗಳಲ್ಲಿ ದುಡಿಯುವ ಕನ್ನಡಿಗರ ಮಕ್ಕಳಿಗೂ ವಿದೇಶೀಯರಿಗೂ ಇಲ್ಲಿ ಎಂಬಿಬಿಎಸ್ ಸೇರಲು ನೀಟ್ ಪರೀಕ್ಷೆ ಕಡ್ಡಾಯ. ಹೊರದೇಶದ ಪೌರತ್ವ ಪಡೆದ ಭಾರತ ಮೂಲದವರನ್ನು 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆ ಅನಿವಾಸಿಗಳ ಸೀಟುಗಳಿಗೆ ಸೀಮಿತಗೊಳಿಸಿತು. ಆ ದಿನಕ್ಕಿಂತ ಮೊದಲೇ ಕಾರ್ಡು ಪಡೆದಿದ್ದವರಿಗೆ ಇದು ಅನ್ವಯಿಸದೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 'ನೀನು ಎಲ್ಲಿಯವನು?' ಎಂಬ ಹಳೆಯ ಪ್ರಶ್ನೆ ಹೀಗೆ ಹೊಸ ಹೊಸ ರೂಪದಲ್ಲಿ ಬರುತ್ತಲೇ ಇದೆ.

ಆ ಪ್ರಶ್ನೆಗೆ ಎಡೆದೊರೆಯವರ ಪರವಾಗಿ ಉತ್ತರ ಸಿಕ್ಕಿದ್ದು ಸಂವಿಧಾನದ 371ಜೆ ಕಲಮಿನಲ್ಲಿ. ಹಳೆಯ ಹೈದರಾಬಾದ್ ಸಂಸ್ಥಾನದ ಮರಾಠವಾಡಕ್ಕೆ 1956ರಲ್ಲಿಯೇ, ತೆಲಂಗಾಣಕ್ಕೆ 1973ರಲ್ಲಿ ಸಂವಿಧಾನದ ವಿಶೇಷ ಅವಕಾಶ ದೊರೆತಿತ್ತು. ಕನ್ನಡ ಭಾಗಕ್ಕೆ ಅದು ದೊರೆತದ್ದು 2012ರಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ. ಅದಕ್ಕೆ ಹತ್ತು ವರ್ಷ ಮುಂಚೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ್ದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗವೂ ಮಾನ್ವಿಯೂ ಇದ್ದವು. 2013ರ ಆದೇಶದಂತೆ ಈ ಪ್ರದೇಶದ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದೆಡೆ ಶೇಕಡಾ 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಸ್ಥಳೀಯನೆಂದರೆ ಇಲ್ಲಿ ಹುಟ್ಟಿದವನು, ಇಲ್ಲವೆ 2013ರ ಜನವರಿ 1ಕ್ಕೆ ಹಿಂದಿನ ಹತ್ತು ವರ್ಷ ಇಲ್ಲಿ ನೆಲೆಸಿದವನು. ನಿಜಾಮರ ಕಾಲದ ಮುಲ್ಕಿ ನಿಯಮದ ನೆನಪು ತರುವ ಲೆಕ್ಕವಿದು. ಒಂದು ಕಾಲಕ್ಕೆ ಎಲ್ಲ ಬಾಗಿಲಲ್ಲೂ ಹೊರಗಿನವನಾಗಿದ್ದ ಹುಡುಗ ಕೊನೆಗೂ ಒಂದು ಬಾಗಿಲಲ್ಲಿ ಒಳಗಿನವನಾದ.

ಖಾರ್ಕಿವ್‌ನಿಂದ ಬಂದ ಪಾಠ

ಆದರೆ ಬಾಗಿಲು ಕಿರಿದು, ಸಾಲು ಉದ್ದ. 2024ರಲ್ಲಿ ದೇಶದಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕೆ ತುಸು ಮೇಲೆ. ಅದರಲ್ಲಿಯೂ ಸರ್ಕಾರಿ ಶುಲ್ಕಕ್ಕೆ ಸಿಗುವುದು ಒಂದು ಪಾಲು ಮಾತ್ರ. ಖಾಸಗಿ ಸೀಟಿನ ಪೂರ್ತಿ ಖರ್ಚು ಕೋಟಿಯ ಸಮೀಪ ಹೋಗುವಾಗ, ಅದರ ಮೂರನೇ ಒಂದು ಭಾಗಕ್ಕೋ ಕಾಲು ಭಾಗಕ್ಕೋ ಓದು ಮುಗಿಸುವ ಹೊರದೇಶಗಳತ್ತ ಮಧ್ಯಮ ವರ್ಗದ ಕಣ್ಣು ಹೋಗುವುದು ಸಹಜ. ಅಂದು ಎಡಿನ್‌ಬರೋಗೆ ಹೋದವರು ಇಲ್ಲಿಲ್ಲದ ಉನ್ನತಿಯನ್ನು ಅರಸಿ ಹೋದರು. ಇಂದು ಹೋಗುವವರಲ್ಲಿ ಬಹುಮಂದಿ ಇಲ್ಲಿ ಸಿಗದ ಸೀಟನ್ನು ಅರಸಿ ಹೋಗುತ್ತಾರೆ.

2022ರ ಫೆಬ್ರುವರಿಯಲ್ಲಿ ಯುದ್ಧ ಶುರುವಾದಾಗ ಉಕ್ರೇನಿನಲ್ಲಿ ಸುಮಾರು 18 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ ನವೀನ್ ಗ್ಯಾನಗೌಡರ ನಮ್ಮವರೇ, ಹಾವೇರಿ ಜಿಲ್ಲೆಯ ಚಳಗೇರಿಯವರು. ಪಿಯುಸಿಯಲ್ಲಿ ಶೇಕಡಾ 97 ಅಂಕ ಪಡೆದರೂ ಇಲ್ಲಿ ಸೀಟು ಸಿಗಲಿಲ್ಲವೆಂದು ಅವರ ತಂದೆ ಹೇಳಿದ ಮಾತು ನಾಡಿನ ಮನೆಮನೆಗೂ ತಲುಪಿತು. ಮೂರು ವಾರಗಳ ಬಳಿಕ ದೇಹ ಊರಿಗೆ ಬಂದಾಗ ತಂದೆ ತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಬದುಕಿದ್ದಾಗ ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಯಾಗಲು ಸಾಧ್ಯವಾಗದ ಮಗ, ಬೇರೆಯವರ ಮಕ್ಕಳಿಗೆ ಪಾಠವಾಗಿ ಒಳಗೆ ಹೋದ.

ಬದುಕಿ ಬಂದವರ ಪಾಡೂ ಸುಲಭದ್ದಾಗಿರಲಿಲ್ಲ. ಅವರನ್ನು ಇಲ್ಲಿನ ಕಾಲೇಜುಗಳಿಗೆ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು ಕೇಂದ್ರ ಸರ್ಕಾರ ಅದೇ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಹುಟ್ಟಿದ ದೇಶದಲ್ಲಿಯೇ ಅವರು ಕೆಲಕಾಲ ಪರದೇಶಿಗಳಾದರು, ಆ ಮಾತಿನ ಎರಡೂ ಅರ್ಥದಲ್ಲಿ.

ಹೊರಗೆ ಕಳಿಸುವ ತಂದೆ ತಾಯಿಗಳು ಕೆಲವು ನಿಯಮಗಳನ್ನು ತಿಳಿದಿರಬೇಕು. ಹೊರದೇಶದಲ್ಲಿ ಓದಲೂ ನೀಟ್ ತೇರ್ಗಡೆಯಾಗಿರಬೇಕು. 2021ರ ನವೆಂಬರಿನ ನಿಯಮಾವಳಿಯಂತೆ ಕೋರ್ಸು ಕನಿಷ್ಠ 54 ತಿಂಗಳಿನದಿರಬೇಕು, ಇಂಗ್ಲಿಷಿನಲ್ಲಿರಬೇಕು. ಅದೇ ಸಂಸ್ಥೆಯಲ್ಲಿ ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿ, ಭಾರತದಲ್ಲಿ ಮತ್ತೊಂದು ವರ್ಷ ಮಾಡಬೇಕು. ಆ ದೇಶದಲ್ಲಿ ವೃತ್ತಿ ಮಾಡಲು ಅಲ್ಲಿನವರಿಗೆ ಸಿಗುವಂಥದೇ ಅರ್ಹತೆ ಇವರಿಗೂ ಸಿಗುವಂತಿರಬೇಕು. ಇದೆಲ್ಲದರ ಮೇಲೆ, 2002ರಿಂದ ಜಾರಿಯಲ್ಲಿರುವ ಸ್ಕ್ರೀನಿಂಗ್ ಪರೀಕ್ಷೆ ಇದೆ. 300ಕ್ಕೆ 150 ಅಂಕ ಬೇಕಾದ ಈ ಪರೀಕ್ಷೆಯಲ್ಲಿ ಐವರಲ್ಲಿ ನಾಲ್ವರು ಸೋತ ವರ್ಷಗಳಿವೆ. ಏಜೆಂಟರ ಮಾತಿನಲ್ಲಿ ಈ ಕೊನೆಯ ಪರೀಕ್ಷೆಯ ಪ್ರಸ್ತಾಪ ಸಾಮಾನ್ಯವಾಗಿ ಬರುವುದಿಲ್ಲ.

ಈ ಪರೀಕ್ಷೆಯನ್ನು ಅನ್ಯಾಯವೆನ್ನುವವರು ಒಂದು ಹಳೆಯ ಸಂಗತಿಯನ್ನು ನೆನೆಯಬಹುದು. 1930ರಲ್ಲಿ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಭಾರತದ ವೈದ್ಯ ಪದವಿಗಳಿಗೆ ಕೊಟ್ಟಿದ್ದ ಮನ್ನಣೆಯನ್ನು ಹಿಂತೆಗೆದುಕೊಂಡಿತು. ಆ ಅವಮಾನದಿಂದಲೇ 1933ರ ಕಾಯ್ದೆಯೂ ನಮ್ಮದೇ ವೈದ್ಯಕೀಯ ಪರಿಷತ್ತೂ ಹುಟ್ಟಿದವು. ಅಂದು ಅಳೆಸಿಕೊಂಡವರು ನಾವು, ಇಂದು ಅಳೆಯುವವರೂ ನಾವೇ. ರೋಗಿಯ ಜೀವದ ಪ್ರಶ್ನೆ ಇರುವಾಗ ಅಳತೆ ಬೇಡವೆನ್ನಲಾಗದು. ಆದರೆ ಸೋತವರೆಲ್ಲ ದಡ್ಡರೆಂದು ತಳ್ಳಿಬಿಡುವುದೂ ಸರಿಯಲ್ಲ. ಅವರು ಹೊರಗೆ ಹೋದದ್ದು ಯಾಕೆಂಬ ಪ್ರಶ್ನೆ ನಮ್ಮ ಬಾಗಿಲಿಗೇ ಮರಳಿ ಬರುತ್ತದೆ.

ನೂರು ವರ್ಷಗಳಲ್ಲಿ ಈ ಸೀಮೆಯ ಮಕ್ಕಳನ್ನು ವೈದ್ಯಶಾಲೆಯ ಹೊಸ್ತಿಲಲ್ಲಿ ಕೇಳಿದ ಪ್ರಶ್ನೆಗಳು ಮೂರು. ಮೊದಲು, ಯಾವ ಭಾಷೆ ಬಲ್ಲೆ? ಆಮೇಲೆ, ಯಾವ ರಾಜ್ಯದವನು? ಈಗ, ಎಷ್ಟು ಹಣ ತಂದಿದ್ದೀ? ಮೊದಲನೆಯದಕ್ಕೆ ಅರ್ಧ ಉತ್ತರ ಸಿಕ್ಕಿದೆ: ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದು, ಮುಂದಿನ ಓದೆಲ್ಲ ಇಂಗ್ಲಿಷು. ಎರಡನೆಯದಕ್ಕೆ 371ಜೆ ಉತ್ತರ ಕೊಟ್ಟಿದೆ. ಮೂರನೆಯದು ಹಾಗೆಯೇ ಉಳಿದಿದೆ.

ನಾಲ್ಕನೆಯ ಪ್ರಶ್ನೆಯೊಂದನ್ನು ಇದುವರೆಗೆ ಯಾವ ಕಾಲೇಜೂ ಕೇಳಿದಂತಿಲ್ಲ: ಕಲಿತ ಮೇಲೆ ಯಾರ ಊರಿಗೆ ಹೋಗುತ್ತೀ? ದೇವದುರ್ಗದ ಹಳ್ಳಿಯೊಂದರಲ್ಲಿ ನಡುರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಗಳಿಗೆ, ಡಾಕ್ಟರು ರಿಮ್ಸ್‌ನಲ್ಲಿ ಓದಿದವರೋ ರಷ್ಯಾದಲ್ಲಿ ಓದಿದವರೋ ಎಂಬುದರಿಂದ ಆಗಬೇಕಾದ್ದೇನೂ ಇಲ್ಲ. ದವಾಖಾನೆಯ ಬಾಗಿಲು ತೆರೆದಿರಬೇಕು, ಒಳಗೆ ತನ್ನ ಮಾತು ತಿಳಿಯುವ ಡಾಕ್ಟರಿರಬೇಕು. ಅವರು ಇಲ್ಲದ ರಾತ್ರಿ, ತನ್ನ ಊರಿನಲ್ಲಿಯೇ ಆಕೆ ಪರದೇಶಿ.